ತಣ್ಣೀರಹಳ್ಳದ ಬೀಗಿತ್ತಿ

ಪೆನ್ನಾಗರಂ ದಾಟಿ, ಬಸ್ಸು ಕಾಡಿನ ಅಂಚಿಗೆ ಹೋಗಿ ತಿರುಗಿಕೊಳ್ಳುವ ಜಾಗದಲ್ಲಿ ಬೇವಿನಹಟ್ಟಿ ಎಂಬ ಊರಿದೆ. ಆ ಊರಿನ ಯಾವ ಮನೆಯಲ್ಲಿ ಮದುವೆ ಗೊತ್ತಾದರೂ ಮೊದಲ ವೀಳ್ಯ ಹೋಗುವುದು ಸೊಣ್ಣಮ್ಮನಿಗೆ. ಅರಿಶಿನ ಕುಟ್ಟುವ ದಿನದಿಂದ ಹಿಡಿದು ಹುಡುಗಿಯನ್ನು ಗಂಡನ ಮನೆಗೆ ಬಿಟ್ಟುಬರುವವರೆಗೂ ಅವಳು ಜೊತೆಗಿರಬೇಕು. ಹಾಡು ಹೇಳಬೇಕು. ಚಪ್ಪರದ ಕೆಳಗೆ ಯಾರು ಎಲ್ಲಿ ಕೂರಬೇಕೆಂದು ತೀರ್ಮಾನ ಕೊಡಬೇಕು. ವಡೆ ಸಾಲದೆ ಗಂಡಿನ ಕಡೆಯವರು ಮುಖ ಊದಿಸಿಕೊಂಡು ಎದ್ದರೆ ಅವರನ್ನು ಬೈದು, ನಗಿಸಿ, ಮತ್ತೆ ಎಲೆಯ ಮುಂದೆ ಕೂರಿಸಬೇಕು. ಅವಳಿಲ್ಲದೆ ಆದ ಮದುವೆಯನ್ನು ಊರಿನವರು ಪೂರಾ ಮದುವೆ ಎಂದು ಒಪ್ಪುತ್ತಿರಲಿಲ್ಲ.

ಸೊಣ್ಣಮ್ಮನಿಗೆ ವಯಸ್ಸು ಅರವತ್ತರ ಹತ್ತಿರ. ದಪ್ಪ ಮೈ, ಎಲೆ ಅಡಿಕೆಯಿಂದ ಸದಾ ಕೆಂಪಾದ ಬಾಯಿ. ದನಿಯಂತೂ ಕೆರೆಯ ಆ ದಂಡೆಯಲ್ಲಿ ಮೇಯುವ ಕುರಿಯೂ ತಲೆಯೆತ್ತಿ ನೋಡುವಂಥದ್ದು. ಊರಿನ ಹುಡುಗಿಯರಿಗೆ ಅವಳ ಸೋಬಾನೆ ಪದಗಳ ಮಾತು ಅರ್ಧಕ್ಕರ್ಧ ತಿಳಿಯುವುದಿಲ್ಲ. ಅವರಿಗೆ ತಮಿಳೇ ಸಲೀಸು. ಆದರೂ ಅವಳು ಬಾಯಿ ತೆಗೆದಳೆಂದರೆ ಸ್ಪೀಕರಿನವನು ತಾನಾಗಿಯೇ ಸಿನಿಮಾ ಹಾಡು ನಿಲ್ಲಿಸುತ್ತಾನೆ. ನಿಲ್ಲಿಸದಿದ್ದರೆ ಅವಳೇ ಹೋಗಿ ವೈರು ಕೀಳುತ್ತಾಳೆ ಅನ್ನುವುದು ಅವನಿಗೆ ಗೊತ್ತು.

ಗಂಡ ದೊಡ್ಡಮುನಿಯಪ್ಪ ಕುರಿ ಕಾಯುವವನು. ಬೆಳಿಗ್ಗೆ ಮುದ್ದೆ ಉಂಡು ಮಂದೆಯ ಹಿಂದೆ ಹೋದರೆ ಸಂಜೆಗೆ ಬರುವುದು. ಅವನ ಪಾಲಿನ ಮಾತನ್ನೂ ಸೊಣ್ಣಮ್ಮನೇ ಆಡಿ ಮುಗಿಸುತ್ತಿದ್ದುದರಿಂದ ಅವನಿಗೆ ಬಾಯಿ ಬಿಡುವ ಅಗತ್ಯ ಅಷ್ಟಾಗಿ ಬೀಳುತ್ತಿರಲಿಲ್ಲ. ಒಬ್ಬಳೇ ಮಗಳು ಸಂಧ್ಯಾ ಎಡಪ್ಪಾಡಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳ ಮದುವೆಯಾದ ಮೇಲೆ ಮನೆಯ ಮುಂದಿನ ಕೋಣೆ ಖಾಲಿಯಾಗಿತ್ತು. ಆ ಕೋಣೆಗೆ ತೈ ತಿಂಗಳಲ್ಲಿ, ಪೊಂಗಲ್ ಕಳೆದ ಮೇಲೆ, ಸೇಲಂನಿಂದ ಕಾರ್ತಿಕಾ ಎಂಬ ಹುಡುಗಿ ಬಂದು ಸೇರಿಕೊಂಡಳು.

ಕಾರ್ತಿಕಾ ಡಾಕ್ಟರೇಟಿಗೆ ಓದುತ್ತಿದ್ದವಳು. ತಮಿಳು ಮನೆಮಾತು, ಬಂದ ಕೆಲವೇ ವಾರಗಳಲ್ಲಿ ಸೊಣ್ಣಮ್ಮನ ಬಾಯಿಂದ ಕೇಳಿ ಕೇಳಿ ಮುರುಕು ಕನ್ನಡ ಕಲಿತಿದ್ದಳು. ಬೆಳಿಗ್ಗೆ ಟಾರ್ಚು, ಕ್ಯಾಮೆರಾ, ಮೊಣಕಾಲುದ್ದದ ರಬ್ಬರ್ ಬೂಟು ಎಲ್ಲಾ ಹೊತ್ತುಕೊಂಡು ಬೆಟ್ಟ ಹತ್ತಿದರೆ ಸಂಜೆ ಕೆಸರು ಮೆತ್ತಿಕೊಂಡು ಇಳಿದು ಬರುವಳು.

“ಏನ್ ಓದ್ತಾ ಇದೀಯ ಕಣ್ಣು?” ಎಂದು ಮೊದಲ ದಿನವೇ ಸೊಣ್ಣಮ್ಮ, ತಮಿಳರ ಹಾಗೆ ಅಕ್ಕರೆಗೆ ಕಣ್ಣು ಎಂದು ಕರೆಯುತ್ತ, ಕೇಳಿದ್ದಳು.

“ತೇರೆ ಅಮ್ಮಾ. ನೆಲಗಪ್ಪೆ.”

ಸೊಣ್ಣಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. “ನಮ್ ಬಚ್ಚಲು ತೋರ್ಸಿದ್ರೆ ಸಾಕಾಗಿತ್ತಲ್ಲ, ಅದುಕ್ಕೆ ಬೆಟ್ಟ ಯಾಕೆ ಅತ್ತಬೇಕು?”

ಹುಡುಗಿ ಸರ್ಕಾರದ ಯಾವುದೋ ಗುಟ್ಟಿನ ಕೆಲಸಕ್ಕೆ ಬಂದಿದ್ದಾಳೆ, ಹೇಳಲು ಇಷ್ಟವಿಲ್ಲದೆ ಕಪ್ಪೆಯ ನೆಪ ಹೇಳುತ್ತಾಳೆ ಎಂದೇ ಅವಳು ಬಹಳ ದಿನ ನಂಬಿದ್ದಳು. ಆಮೇಲೆ ಕಾರ್ತಿಕಾ ರಾತ್ರಿ ಊಟದ ಹೊತ್ತಿಗೆ ಫೋನಿನಲ್ಲಿ ಚಿತ್ರ ತೋರಿಸತೊಡಗಿದಳು. ಬೆಟ್ಟದ ಮೇಲಿನ ಕಾಡಿನಿಂದ ಇಳಿದು ಬರುವ ತೊರೆಗೆ ತಣ್ಣೀರಹಳ್ಳ ಎಂದು ಹೆಸರು. ಅದರ ಮೇಲುಭಾಗದಲ್ಲಿ, ಮರಗಳು ಒತ್ತಾಗಿ ನಿಂತು ನೆರಳು ಕಟ್ಟಿದ ಕಡೆ, ಬೇಸಿಗೆಯಲ್ಲೂ ತೇವ ಆರದ ಬಂಡೆಗಳ ಸಂದಿನಲ್ಲಿ ಆ ಜಾತಿಯ ನೆಲಗಪ್ಪೆ ಬದುಕುತ್ತಿತ್ತು. ಊರ ಬಚ್ಚಲಿನ ದಪ್ಪ ಒರಟು ಕಪ್ಪೆಯ ಹಾಗಲ್ಲ ಅದು. ಹೆಬ್ಬೆರಳಿಗಿಂತ ಕೊಂಚ ದೊಡ್ಡದು, ನುಣುಪು ಮೈ, ಬೂದು ಬೆನ್ನಿನ ಮೇಲೆ ಇಟ್ಟಿಗೆ ಕೆಂಪಿನ ಚುಕ್ಕಿಗಳು. ಸುತ್ತಲ ಬೆಟ್ಟಗಳ ಎಷ್ಟೋ ತೊರೆಗಳಲ್ಲಿ ಕಾರ್ತಿಕಾ ಹುಡುಕಿದ್ದಳು. ಕೆಲವಕ್ಕೆ ಅಡ್ಡಗಟ್ಟೆ ಬಂದಿತ್ತು, ಕೆಲವಕ್ಕೆ ತೋಟದವರ ಪೈಪು ಬಿದ್ದಿತ್ತು, ಕೆಲವು ಸುಮ್ಮನೆ ಒಣಗಿದ್ದವು. ಎಲ್ಲೂ ಕಾಣದ್ದು ಇಲ್ಲಿ ಸಿಕ್ಕಿತ್ತು, ಅದೂ ಬೆರಳೆಣಿಕೆಯಷ್ಟು. ಆದರೆ ಕಪ್ಪೆಯೆಂದರೆ ಕಪ್ಪೆ ಅಂದುಕೊಂಡಿದ್ದ ಸೊಣ್ಣಮ್ಮ ಚಿತ್ರದ ಕಡೆ ಅರೆಗಣ್ಣಿನಲ್ಲಿ ನೋಡಿ, “ಚೆಂದಾಗೈತೆ, ಚೆಂದಾಗೈತೆ, ಇನ್ನೊಂದು ಮುದ್ದೆ ಆಕ್ಲಾ?” ಎನ್ನುವಳು.

ಆ ವರ್ಷ ಆನಿ ತಿಂಗಳು, ಎಂದರೆ ತಮಿಳರ ಜ್ಯೇಷ್ಠ, ಮುಗಿಯುತ್ತ ಬಂದರೂ ಮಳೆ ಹನಿಯಲಿಲ್ಲ. ಸಾಮೆ, ರಾಗಿ ಬಿತ್ತುವವರು ಆಕಾಶ ನೋಡುತ್ತ ಕೂತಿದ್ದರು. ಊರಗೌಡ ಮುರುಗೇಶನ್ ಮಾರಿಯಮ್ಮನ ಗುಡಿಯ ಜಗಲಿಯಲ್ಲಿ ನಾಲ್ಕು ಜನರನ್ನು ಸೇರಿಸಿ ಕಪ್ಪೆ ಮದುವೆ ಮಾಡುವುದೆಂದು ತೀರ್ಮಾನಿಸಿದ. ಕಪ್ಪೆಗೆ ಮದುವೆ ಮಾಡಿಸಿದರೆ ಮಳೆ ಬರುತ್ತದೆ ಎಂಬುದು ಅಲ್ಲಿ ಹಿಂದಿನಿಂದ ನಡೆದು ಬಂದ ನಂಬಿಕೆ. ಮದುವೆ ಎಂದ ಮೇಲೆ ಸೊಣ್ಣಮ್ಮ ಹೆಣ್ಣಿನ ತಾಯಿ. ಗಂಡಿನ ತಾಯಿಯಾಗಲು ರಾಮಕ್ಕ ಮುಂದೆ ಬಂದಳು. ಸೊಣ್ಣಮ್ಮನಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಸಣ್ಣ ಕಡ್ಡಿಯಂಥ ಮೈ, ಚೂಪು ನಾಲಿಗೆ. ಇಬ್ಬರೂ ಒಂದೇ ಬಾವಿಯ ನೀರು ಸೇದಿಕೊಂಡು, ಒಬ್ಬರನ್ನೊಬ್ಬರು ಆಡಿಕೊಂಡು ಮುದುಕಿಯರಾದವರು.

ಗಂಡು ಸುಲಭಕ್ಕೆ ಸಿಕ್ಕಿತು. ಸೋರುವ ಬೀದಿ ನಲ್ಲಿಯ ಹಿಂದಿನ ಕಲ್ಲಿನ ಕೆಳಗೆ ದಪ್ಪನೆಯ ಊರ ಕಪ್ಪೆಯೊಂದು ಕೂತಿತ್ತು. ಹೆಣ್ಣು ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ಅಷ್ಟರಲ್ಲಿ ಶಾಸ್ತ್ರದ ನೀರು ತರಲು ಹೆಂಗಸರು ತಣ್ಣೀರಹಳ್ಳಕ್ಕೆ ಹೋದರು. ಕೆಳಗೆ ಹಳ್ಳ ಒಣಗಿತ್ತು. ಮೇಲೆ ಮೇಲೆ ಹತ್ತಿ ಹೋದ ಸೊಣ್ಣಮ್ಮ ನೀರು ಜಿನುಗುವ ಬಂಡೆಯ ಮೇಲೆ ಅದನ್ನು ಕಂಡಳು. ಎಡಪ್ಪಾಡಿಯಲ್ಲಿ ನೇಯ್ದ ಚುಕ್ಕಿ ಸೀರೆ ಉಟ್ಟ ಹುಡುಗಿಯ ಹಾಗೆ ಕೂತಿತ್ತು. ಕಾರ್ತಿಕಾ ಫೋನಿನಲ್ಲಿ ತೋರಿಸಿದ್ದು ಇದೇ ಅಲ್ಲವೇ ಎಂದು ಅವಳಿಗೆ ಹೊಳೆಯಿತು. ಕಾರ್ತಿಕಾ ಸೇಲಂಗೆ ಹೋಗಿದ್ದಳು. ಬಂದ ಮೇಲೆ ಎಷ್ಟು ಸಂತೋಷಪಡುತ್ತಾಳೋ ಎಂದುಕೊಂಡು ಸೊಣ್ಣಮ್ಮ ಸೆರಗಿನಲ್ಲಿ ಮೆಲ್ಲನೆ ಅದನ್ನು ಮುಚ್ಚಿ ಹಿಡಿದಳು.

ಮದುವೆ ಜೋರಾಗಿಯೇ ನಡೆಯಿತು. ಹೊಸ ಮಣ್ಣಿನ ಕೊಡದೊಳಗೆ ಹಸಿ ಮಣ್ಣು ಹಾಸಿ ಎರಡನ್ನೂ ಕೂರಿಸಿದರು. ಅರಿಶಿನ ಹಚ್ಚಿದರು, ಕುಂಕುಮ ಇಟ್ಟರು. ಅರಿಶಿನದ ದಾರವನ್ನು ಹೆಣ್ಣಿನ ಬೆನ್ನಿಗೆ ಮುಟ್ಟಿಸಿ ಕೊಡದ ಕತ್ತಿಗೆ ಕಟ್ಟಿದರು. ಸೊಣ್ಣಮ್ಮ ಹಾಡಿದಳು, ಊರಿಗೆಲ್ಲ ಪಾಯಸ ಬಡಿಸಿದರು. ಮಳೆ ಬರುವವರೆಗೂ ಕೊಡ ಗುಡಿಯಲ್ಲೇ ಇರಬೇಕು, ಬಂದ ಮೇಲೆ ಜೋಡಿಯನ್ನು ಕೆರೆಗೆ ಬಿಡಬೇಕು ಎಂದು ಮುರುಗೇಶನ್ ಹೇಳಿದ. ಆ ಸಂಜೆ ಕೊಡದೊಳಗಿಂದ ಕಿರ್ರ್ ಕಿರ್ರ್ ಎಂದು ಸಣ್ಣ ದನಿ ಕೇಳಿದಾಗ, “ಮದುಮಗಳು ಮಳೆ ಕರೀತಾ ಅವ್ಳೆ!” ಎಂದು ಅವನು ಎಲ್ಲರನ್ನೂ ಕರೆದು ಕೇಳಿಸಿದ.

ಕಾರ್ತಿಕಾ ಬಸ್ಸಿಳಿದು ಬರುವಾಗ ಸೊಣ್ಣಮ್ಮ ಬಾಗಿಲಲ್ಲೇ ಕಾದಿದ್ದಳು.

“ಬಾ ಕಣ್ಣು, ಬಾ. ನಿಂಗೊಂದು ಸುದ್ದಿ ಐತೆ. ನಿನ್ ಕಪ್ಪೆಗೇ ಈ ಸಾರಿ ಮದ್ವೆ ಮಾಡಿದ್ವಿ. ನಾನೇ ಇಡ್ದು ತಂದೆ, ಅಳ್ಳದ ಮೇಲಿಂದ. ಊರೆಲ್ಲ ನೋಡಿ ಚೆಂದ ಅಂತ ಅಂದ್ರು!”

ಕಾರ್ತಿಕಾಳ ಮುಖದಲ್ಲಿ ಸಂತೋಷ ಹುಡುಕುತ್ತಿದ್ದ ಸೊಣ್ಣಮ್ಮನಿಗೆ ಅದು ಕಾಣಲಿಲ್ಲ. ಹುಡುಗಿ ಚೀಲವನ್ನು ಅಲ್ಲೇ ಬಿಟ್ಟು ಗುಡಿಯ ಕಡೆ ಓಡಿದಳು. ಹಿಂದೆಯೇ ಏದುಸಿರು ಬಿಡುತ್ತ ಸೊಣ್ಣಮ್ಮನೂ ಹೋದಳು.

ಕೊಡದ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೋಡಿದರೆ ದಪ್ಪ ಗಂಡು ನೆಮ್ಮದಿಯಾಗಿ ನಡುವೆ ಕೂತಿತ್ತು. ಪುಟ್ಟದು ಮೂಲೆಗೆ ಒತ್ತಿಕೊಂಡಿತ್ತು. ಬೆನ್ನಿನ ಮೇಲೆ ಅರಿಶಿನ ಒಣಗಿ ಬಿರುಕು ಬಿಟ್ಟಿತ್ತು, ಕೆಂಪು ಚುಕ್ಕಿಗಳು ಮಂಕಾಗಿದ್ದವು. ಕಾರ್ತಿಕಾ ತನ್ನ ಬಾಟಲಿಯ ನೀರನ್ನು ಹನಿಹನಿಯಾಗಿ ಬಿಟ್ಟು ಅರಿಶಿನವನ್ನು ತೊಳೆದಳು.

“ಇದು ಚರ್ಮದಲ್ಲೇ ಉಸಿರಾಡ್ತದೆ ಅಮ್ಮಾ. ಅಲ್ಲೇ ನೀರು ಕುಡೀತದೆ. ಅರಿಶಿನ ಹಚ್ಚಿದ್ರೆ ಮೂಗು ಮುಚ್ಚಿದ ಹಾಗೆ. ಈ ಬಿಸಿಲಲ್ಲಿ, ಈ ಕೊಡದಲ್ಲಿ ಬದುಕಲ್ಲ. ಕೆರೆಗೆ ಬಿಟ್ರೂ ಬದುಕಲ್ಲ. ಇದಕ್ಕೆ ಆ ಹಳ್ಳ ಬಿಟ್ರೆ ಬೇರೆ ಮನೆಯೇ ಇಲ್ಲ.”

ಸೊಣ್ಣಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಭಕ್ತಿಯಿಂದ ಮಾಡಿದ ಕೆಲಸ. ಹುಡುಗಿಗೆಂದು ಆರಿಸಿ ತಂದದ್ದು. ಅದಕ್ಕೆ ಇಂಥ ಮಾತೇ? “ನಾವೇನು ಕೊಲ್ಲೋಕೆ ತಂದ್ವಾ?” ಎಂದುಬಿಟ್ಟಳು. ಕಾರ್ತಿಕಾ ಗುಡಿಯ ಮೆಟ್ಟಿಲಿನ ಮೇಲೆ ಕೂತು ಅಳತೊಡಗಿದಳು. ಮದುವೆ ಮನೆಗಳಲ್ಲಿ ಎಷ್ಟೋ ಅಳು ನೋಡಿದ್ದ ಸೊಣ್ಣಮ್ಮನಿಗೆ ಈ ಅಳು ನೋಡಿ ಏನು ಮಾಡಬೇಕೋ ತೋಚಲಿಲ್ಲ. ಪಕ್ಕದಲ್ಲಿ ಕೂತು ಸೆರಗಿನಿಂದ ಅವಳ ಕಣ್ಣು ಒರೆಸಿದಳು. ಆಮೇಲೆ ಎದ್ದು ಕೊಡದೊಳಗೆ ಬಗ್ಗಿ, ಈ ಸಲ ಎರಡೂ ಕಣ್ಣಿಂದ ನೋಡಿದಳು. ಪುಟ್ಟದರ ಗಂಟಲು ಮೇಲೆ ಕೆಳಗೆ ಮೇಲೆ ಕೆಳಗೆ ಆಡುತ್ತಿತ್ತು.

“ಪಾವಂ” ಎಂದಳು. ಅವಳಿಗೆ ಕರುಳು ಚುರ್ ಎಂದಾಗ ಬಾಯಿಗೆ ಬರುವುದು ತಮಿಳಿನ ಆ ಒಂದು ಮಾತೇ.

ಮುರುಗೇಶನ್ ಒಪ್ಪಲಿಲ್ಲ. ಅವನದೂ ತಪ್ಪೆನ್ನುವ ಹಾಗಿರಲಿಲ್ಲ. ಹಿಂದೊಂದು ವರ್ಷ ಮಳೆಗೆ ಮುಂಚೆಯೇ ಯಾರೋ ಕೊಡ ಕದಲಿಸಿ, ಗುಡುಗು ಮಾತ್ರ ಬಂದು ಮಳೆ ಪಕ್ಕದೂರಿಗೆ ಹೋಗಿತ್ತು. ಅದನ್ನು ಊರು ಮರೆತಿರಲಿಲ್ಲ.

“ಮಳೆ ಬರೋಗಂಟ ಕೊಡ ಕದಲ್ಸಂಗಿಲ್ಲ ಮಾ” ಎಂದು ಕಾರ್ತಿಕಾಗೆ ಮೆತ್ತಗೆ ಹೇಳಿದ. “ನಾಳೆ ಮಳೆ ಬರ್ದಿದ್ರೆ ಜನ ನನ್ನ ಕೇಳ್ತಾರೆ, ನಿನ್ನ ಕೇಳಲ್ಲ.”

ಮನೆಗೆ ಬಂದ ಕಾರ್ತಿಕಾ ಫೋನು ಕೈಯಲ್ಲಿ ಹಿಡಿದುಕೊಂಡು ಕೂತಳು. ಫಾರೆಸ್ಟ್ ಆಫೀಸಿಗೆ ಒಂದು ಫೋನು ಮಾಡಿದರೆ ಜೀಪು ಬರುತ್ತದೆ, ಕೊಡ ಎತ್ತಿಕೊಂಡು ಹೋಗುತ್ತಾರೆ ಎಂದಳು.

“ಜೀಪಲ್ಲಿ ಬಂದು ಮದುಮಗಳನ್ನ ಎತ್ಕೊಂಡು ಓಯ್ತಾರಾ?” ಸೊಣ್ಣಮ್ಮ ಗಾಬರಿಯಾದಳು. “ಆಮೇಲೆ ನೀನು ಈ ಊರಲ್ಲಿ ಒಂದು ಲೋಟ ನೀರು ಕುಡಿಯಂಗಿಲ್ಲ ಕಣ್ಣು. ಅಳ್ಳದಲ್ಲಿ ಉಳ್ದಿರೋವ್ನ ಯಾರೂ ಬಾಳ್ಸಲ್ಲ, ನೋಡಿದ ಕಡೆ ಕಲ್ಲಲ್ಲಿ ಒಡೀತಾರೆ. ಒಂದು ದಿನ ತಡಿ.”

ತಡೆ ಎಂದಳೇ ಹೊರತು ಮುಂದೇನು ಎನ್ನುವುದು ಅವಳಿಗೂ ಗೊತ್ತಿರಲಿಲ್ಲ. ಸಂಜೆ ದೊಡ್ಡಮುನಿಯಪ್ಪ ಕುರಿ ಕೂಡಿಹಾಕಿ ಬಂದ. ಅವನಿಗೆ ನೀರು ಕೊಟ್ಟು, ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು. ಅವನು ಕಾಲು ತೊಳೆದುಕೊಂಡು, ಮುಖ ಒರೆಸಿಕೊಂಡು, ಗೋಡೆಗೆ ಒರಗಿ ಕೂತು ಬಾಯಿ ಬಿಟ್ಟ.

“ನಾಡಿದ್ದು ಆಡಿ ಉಟ್ತದೆ.”

ಆಡಿ ಎಂದರೆ ನಮ್ಮ ಆಷಾಢದ ಹೊತ್ತಿಗೆ ಬರುವ ತಮಿಳು ತಿಂಗಳು. ಹೊಸದಾಗಿ ಮದುವೆಯಾದ ಹೆಣ್ಣು ಆ ತಿಂಗಳು ಗಂಡನ ಮನೆಯಲ್ಲಿ ಇರುವ ಹಾಗಿಲ್ಲ. ತವರಿನವರು ಸೀರು ಎನ್ನುವ ತಟ್ಟೆ ತಾಂಬೂಲದ ಉಡುಗೊರೆಯೊಂದಿಗೆ ಬಂದು ಕರೆದುಕೊಂಡು ಹೋಗಬೇಕು.

ಸೊಣ್ಣಮ್ಮ ಅವನನ್ನೇ ನೋಡುತ್ತ ನಿಂತಳು. ಅವಳ ತವರು ನಂಗವಳ್ಳಿಯ ಕಡೆ. ಅವಳ ಮೊದಲ ಆಡಿಯಲ್ಲಿ ಕರೆಯಲು ಯಾರೂ ಬಂದಿರಲಿಲ್ಲ. ತಾಯಿ ಮದುವೆಗೆ ಮುಂಚೆಯೇ ಸತ್ತಿದ್ದಳು, ಅಪ್ಪನಿಗೆ ಶಾಸ್ತ್ರ ನೆನಪಿಸುವವರಿರಲಿಲ್ಲ, ಅಣ್ಣ ಹೆಂಡತಿಯ ಮಾತಿಗೆ ಹೆದರಿದ್ದ. ಊರಿನ ಬೇರೆ ಹೊಸ ಸೊಸೆಯರೆಲ್ಲ ಒಬ್ಬೊಬ್ಬರಾಗಿ ತವರಿನವರ ಹಿಂದೆ ಬಸ್ಸು ಹತ್ತುವಾಗ ಅವಳು ಹುಣಸೆ ಮರದ ಕೆಳಗೆ ಪುಳ್ಳೆ ಆರಿಸುತ್ತ, ತಲೆ ಎತ್ತದೆ ಇದ್ದಳು. ಮೂರನೆಯ ದಿನ ದೊಡ್ಡಮುನಿಯಪ್ಪ ಕುರಿಯನ್ನು ತಮ್ಮನಿಗೆ ಒಪ್ಪಿಸಿ, ಒಗೆದ ಪಂಚೆ ಉಟ್ಟು, “ನಡಿ” ಎಂದ. ಎರಡು ಬಸ್ಸು ಬದಲಿಸಿ ಅವಳನ್ನು ನಂಗವಳ್ಳಿಯ ಮನೆ ಬಾಗಿಲಿಗೆ ಕರೆದೊಯ್ದ. ತಾನೇ ಕೊಂಡ ಎಲೆ ಅಡಿಕೆ, ಬಾಳೆಹಣ್ಣನ್ನು ಮಾವನ ಕೈಗಿಟ್ಟು, ಒಳಗೂ ಬಾರದೆ ಹಿಂತಿರುಗಿದ. ಹೆಂಡತಿಯನ್ನು ತಾನೇ ತವರಿಗೆ ಬಿಟ್ಟುಬಂದ ಗಂಡನೆಂದು ಊರು ವರ್ಷಗಟ್ಟಲೆ ಅವನನ್ನು ಆಡಿಕೊಂಡಿತು. ಅವನು ಅದಕ್ಕೂ ಬಾಯಿ ಬಿಟ್ಟಿರಲಿಲ್ಲ.

“ಆಡಿ ಉಟ್ತದೆ” ಎಂದು ಸೊಣ್ಣಮ್ಮ ತಾನೂ ಒಮ್ಮೆ ಹೇಳಿದಳು. ಆಮೇಲೆ ಒಳಗೆ ಹೋಗಿ ಹಿತ್ತಾಳೆ ತಟ್ಟೆ ಎಲ್ಲಿದೆ ಎಂದು ಹುಡುಕತೊಡಗಿದಳು.

ಮರುದಿನ ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು, ಮಗಳು ಕೊಡಿಸಿದ್ದ ನೀಲಿ ಸೀರೆ ಉಟ್ಟು, ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಬಾಳೆಹಣ್ಣು, ಒಂದು ರವಿಕೆ ಕಣ ಇಟ್ಟುಕೊಂಡು ಗುಡಿಗೆ ಹೊರಟಳು. ದಾರಿಯಲ್ಲಿ ಏನೆಂದು ಕೇಳಿದ ಹೆಂಗಸರೆಲ್ಲ ಹಿಂದೆ ಸೇರಿಕೊಂಡರು. ಗುಡಿ ಮುಟ್ಟುವ ಹೊತ್ತಿಗೆ ಅದೊಂದು ದಿಬ್ಬಣವೇ ಆಗಿತ್ತು. ಕಾರ್ತಿಕಾ ಕೊನೆಯಲ್ಲಿ ಬೂಟು ಹಾಕಿಕೊಂಡು ಬರುತ್ತಿದ್ದಳು.

ಜಗಲಿಯಲ್ಲಿ ಪೇಪರು ಓದುತ್ತಿದ್ದ ಮುರುಗೇಶನ್ ಕನ್ನಡಕ ತೆಗೆದ. “ಏನ್ ಸೊಣ್ಣಕ್ಕ, ತಟ್ಟೆ ಗಿಟ್ಟೆ?”

“ನಾನು ನಿನ್ ತಾವ ಬಂದಿಲ್ಲ ಮುರುಗೇಶಣ್ಣ. ನನ್ ಬೀಗಿತ್ತಿ ತಾವ ಬಂದಿವ್ನಿ. ಎಲ್ಲಿ ರಾಮಕ್ಕ?”

ರಾಮಕ್ಕ ಗುಡಿಯ ಹಿಂದೆ ಅಂಗಳ ಗುಡಿಸುತ್ತಿದ್ದಳು. ಪೊರಕೆ ಹಿಡಿದೇ ಬಂದಳು.

“ಬೀಗಿತ್ತಿ, ನಾಳೆ ಆಡಿ ಉಟ್ತದೆ” ಎಂದು ಸೊಣ್ಣಮ್ಮ ತಟ್ಟೆ ಮುಂದೆ ಹಿಡಿದಳು. “ಒಸಾ ಎಣ್ಣು ಅತ್ತೆ ಮನ್ಲಿ ಇರಂಗಿಲ್ಲ. ಮಗಳನ್ನ ತವರಿಗೆ ಕರ್ಕೊಂಡು ಓಗೋಕೆ ಬಂದಿವ್ನಿ. ಕಳ್ಸಿಕೊಡಿ.”

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಮುರುಗೇಶನ್ ಎದ್ದು ನಿಂತ. “ಅದು ಕಪ್ಪೆ ಸೊಣ್ಣಕ್ಕ!”

“ಕಪ್ಪೆ ಅಂತ ನಿಂಗೆ ಇವತ್ತು ಗೊತ್ತಾಯ್ತಾ? ಅರಿಶಿಣ ಅಚ್ಚಿದಾಗ, ಪಾಯಸ ಉಂಡಾಗ ಮದುಮಗಳಾಗಿತ್ತು?” ಸೊಣ್ಣಮ್ಮನ ದನಿ ಏರಿತು. “ಮದ್ವೆ ನಿಜ ಆದ್ರೆ ಆಡಿನೂ ನಿಜ. ಆಡಿ ಸುಳ್ಳು ಅಂದ್ರೆ ಮದ್ವೆನೂ ಸುಳ್ಳು. ಸುಳ್ ಮದ್ವೆಗೆ ಮಾರವ್ವ ಮಳೆ ಕೊಡ್ತಾಳಾ? ನೀನೇ ಯೋಳು.”

ಎಲ್ಲರೂ ರಾಮಕ್ಕನ ಕಡೆ ನೋಡಿದರು. ಗಂಡಿನ ತಾಯಿ ಒಲ್ಲೆ ಎಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ರಾಮಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಸೆರಗು ಸರಿಮಾಡಿಕೊಂಡಳು. ಸೊಣ್ಣಮ್ಮನನ್ನು ತಲೆಯಿಂದ ಕಾಲಿನವರೆಗೂ ನೋಡಿ, ತಟ್ಟೆಯ ಮೇಲೆ ಬಗ್ಗಿದಳು.

“ಇಷ್ಟೇನಾ? ಆಡಿ ಸೀರು ಅಂದ್ರೆ ನಿಮ್ ಕಡೆ ಒಂದು ರವಿಕೆ ಕಣನಾ?”

“ನಿನ್ ಮಗ ಒಂದು ಮೊಳ ಜಾಗ ಇಲ್ದಂಗೆ ಕೊಡದ ಮದ್ಯ ಕುಂತವ್ನೆ. ನನ್ ಮಗಳು ಮೂಲೆ ಸೇರವ್ಳೆ. ಅಂತೋನಿಗೆ ಇಷ್ಟೇ ಜಾಸ್ತಿ.”

“ಕೆಂಪು ಬಣ್ಣ ನಂಗೆ ಆಗಕಿಲ್ಲ. ಪಚ್ಚೆ ತಂದ್ಕೊಡು.”

“ತಂದ್ಕೊಡ್ತೀನಿ, ಸಂತೆ ದಿನ.”

“ಇದೂ ಇರ್ಲಿ, ಅದೂ ಇರ್ಲಿ” ಎಂದು ರಾಮಕ್ಕ ರವಿಕೆ ಕಣವನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ಮುರುಗೇಶನ್ ಮಾತ್ರ ಇನ್ನೂ ಒಪ್ಪದ ಮುಖದಲ್ಲಿ, “ಮತ್ತೆ ಮಳೆ?” ಎಂದ.

“ಮಗ ಇಲ್ಲೇ ಇರ್ತಾನಲ್ಲ ಗೌಡ” ಎಂದಳು ರಾಮಕ್ಕ. “ಎಂಡ್ತಿ ತವರಿಗೆ ಓದ್ರೆ ಗಂಡು ಸುಮ್ನೆ ಇರ್ತದಾ? ಇನ್ನೂ ಜೋರಾಗಿ ಕೂಗ್ತಾನೆ. ಮಾರವ್ವನ ಕಿವಿಗೆ ಬೇಗ ಬೀಳ್ತದೆ.”

ಮುರುಗೇಶನ್ ನಗು ತಡೆಯಲಾರದೆ ಮುಖ ತಿರುಗಿಸಿದ. “ಕರ್ಕೊಂಡು ಓಗ್ರವ್ವ, ಕರ್ಕೊಂಡು ಓಗಿ” ಎಂದು ತಾನೇ ಕೊಡದ ಬಾಯಿ ಬಿಚ್ಚಿಕೊಟ್ಟ.

ಕಾರ್ತಿಕಾ ಒದ್ದೆ ಪಾಚಿ ಹಾಸಿದ ಡಬ್ಬಿಯಲ್ಲಿ ಪುಟ್ಟದನ್ನು ಕೂರಿಸಿದಳು. ಅರ್ಧ ಬೆಟ್ಟದವರೆಗೂ ಬಂದ ಹೆಂಗಸರು ಬಿಸಿಲಿಗೆ ಸೋತು ಒಬ್ಬೊಬ್ಬರಾಗಿ ಹಿಂದೆ ಉಳಿದರು. ಕೊನೆಗೆ ಹಳ್ಳದ ಮೇಲುಭಾಗ ತಲುಪಿದವರು ಸೊಣ್ಣಮ್ಮ, ಕಾರ್ತಿಕಾ ಇಬ್ಬರೇ. ಮರಗಳ ಕೆಳಗೆ ತಂಪು ಇತ್ತು. ಬಂಡೆಯ ಮೈಮೇಲೆ ನೀರು ಕೂದಲೆಳೆಯಂತೆ ಇಳಿಯುತ್ತಿತ್ತು.

ಡಬ್ಬಿ ತೆರೆದಿಟ್ಟಾಗ ಕಪ್ಪೆ ಅಲ್ಲಾಡಲಿಲ್ಲ. ಸೊಣ್ಣಮ್ಮ ಬೊಗಸೆಯಲ್ಲಿ ನೀರು ತಂದು ಹನಿಸಿ, “ಓಗವ್ವ, ಮನೆ ಬಂತು” ಎಂದಳು. ಸ್ವಲ್ಪ ಹೊತ್ತು ಕಳೆದು ಅದು ಒಂದು ಕಾಲು ಮುಂದಿಟ್ಟಿತು. ಇನ್ನೊಂದು ಕಾಲು. ಆಮೇಲೆ ಅವಸರವಿಲ್ಲದೆ ನಡೆದುಹೋಗಿ ಬಂಡೆಯ ಸಂದಿನಲ್ಲಿ, ನೀರು ಒಸರುವ ಕಡೆ ಹೊಟ್ಟೆ ಒತ್ತಿ ಕೂತುಬಿಟ್ಟಿತು. ಕಾರ್ತಿಕಾ ಸೊಣ್ಣಮ್ಮನ ಕೈ ಹಿಡಿದುಕೊಂಡಳು. ಇಬ್ಬರೂ ಅಲ್ಲೇ ಕೂತು ತಂದಿದ್ದ ಬಾಳೆಹಣ್ಣು ತಿಂದರು.

ಮಧ್ಯಾಹ್ನ ಇಳಿಯುತ್ತಿದ್ದಂತೆ ಮೇಲಿನ ಬಂಡೆಯ ಕೆಳಗಿನಿಂದ ಇನ್ನೊಂದು ಕಪ್ಪೆ ಕಿರ್ರ್ ಎಂದಿತು.

“ಅದು ಯಾರು, ಅವರಮ್ಮನಾ?” ಎಂದಳು ಸೊಣ್ಣಮ್ಮ.

“ಇಲ್ಲಮ್ಮಾ. ಗಂಡು ಮಾತ್ರ ಕೂಗೋದು. ಹೆಣ್ಣು ಕೂಗಲ್ಲ.”

ಸೊಣ್ಣಮ್ಮ ಸಿಪ್ಪೆ ಸುಲಿಯುತ್ತಿದ್ದ ಕೈ ನಿಲ್ಲಿಸಿದಳು. “ಮತ್ತೆ ಗುಡೀಲಿ ನಮ್ಮ ಮದುಮಗಳು ಕೂಗ್ತಲ್ಲ? ಮುರುಗೇಶಣ್ಣ ಎಲ್ಲರ್ನೂ ಕರೆದು ಕೇಳಿಸ್ದ.”

ಕಾರ್ತಿಕಾ ತುಟಿ ಕಚ್ಚಿಕೊಂಡು ಅತ್ತ ನೋಡಿದಳು. “ನಾನು ಕೊಡದಲ್ಲಿ ನೋಡಿದ ತಕ್ಷಣವೇ ಗೊತ್ತಾಯ್ತು. ಹೇಳಿದ್ರೆ ಈ ಮದುವೆ ಆಗಿಲ್ಲ ಅಂತ ಮತ್ತೆ ಬಂದು ಇನ್ನೊಂದು ಹಿಡೀತಾರೆ ಅಂತ ಸುಮ್ಮನಿದ್ದೆ.”

ಸೊಣ್ಣಮ್ಮ ಸಂದಿನಲ್ಲಿ ಕೂತಿದ್ದ ತನ್ನ ಮಗಳನ್ನು ನೋಡಿದಳು. ಕಾರ್ತಿಕಾಳನ್ನು ನೋಡಿದಳು. ಆಮೇಲೆ ಬಂದ ನಗುವಿಗೆ ಅವಳು ಬಂಡೆ ಹಿಡಿದುಕೊಳ್ಳಬೇಕಾಯಿತು. ಕಣ್ಣಲ್ಲಿ ನೀರು ಬಂತು, ಬಾಯಲ್ಲಿದ್ದ ಎಲೆ ಅಡಿಕೆ ಹೊರಗೆ ಬಿತ್ತು. “ಅಯ್ಯೋ ನನ್ ಮಾರವ್ವ! ಗಂಡಿಗೆ ಗಂಡನ್ನ ಕಟ್ಟಿ ನಾನು ಸೋಬಾನೆ ಬೇರೆ ಯೋಳಿದ್ನಲ್ಲೇ!” ಎಂದು ಎದೆ ಬಡಿದುಕೊಂಡು ನಕ್ಕಳು. ಕೆಳಗೆ ಕಾಯುತ್ತಿದ್ದ ಹೆಂಗಸರು, ಮಗಳನ್ನು ತವರಿಗೆ ಬಿಟ್ಟು ಸೊಣ್ಣಕ್ಕ ಅಳುತ್ತಿದ್ದಾಳೆ ಎಂದುಕೊಂಡರಂತೆ. ಅವಳು ಅದನ್ನು ತಿದ್ದಲು ಹೋಗಲಿಲ್ಲ. ಮನೆಗೆ ಬಂದು ಗಂಡನೊಬ್ಬನಿಗೆ ಹೇಳಿದಳು. ದೊಡ್ಡಮುನಿಯಪ್ಪ ಉಣ್ಣುತ್ತಿದ್ದವನು ಮುದ್ದೆ ಗಂಟಲಿಗೆ ಸಿಕ್ಕಿ ಕೆಮ್ಮಿ ಕೆಮ್ಮಿ ಸುಸ್ತಾದ.

ಆಡಿ ಹುಟ್ಟಿ ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಪಡುವಣದ ಮೋಡ ಬೆಟ್ಟ ದಾಟಿ ಬಂದು ಸುರಿಯಿತು. ತನ್ನ ಮಗ ಕೂಗಿದ್ದಕ್ಕೇ ಬಂತು ಎಂದು ರಾಮಕ್ಕ ಊರೆಲ್ಲ ಹೇಳಿಕೊಂಡು ಬಂದಳು. ಮುರುಗೇಶನ್ ದಪ್ಪ ಮದುಮಗನನ್ನು ಮರ್ಯಾದೆಯಿಂದ ಕೆರೆಗೆ ಬಿಟ್ಟ.

ಆಡಿ ಮುಗಿದಾಗ ಮುರುಗೇಶನ್ ಕೇಳಿದ, ಮದುಮಗಳನ್ನು ಯಾವಾಗ ಕರೆತರುವುದು ಎಂದು. “ಈಗಾಗಕಿಲ್ಲ, ಅವಳಿಗೆ ತಿಂಗಳಾಗೈತೆ” ಎಂದಳು ಸೊಣ್ಣಮ್ಮ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ. ಮುಂದಿನ ವರ್ಷವೂ ಮಳೆ ತಡವಾಗಿ ಮತ್ತೆ ಕಪ್ಪೆ ಮದುವೆಯ ಮಾತು ಬಂದಾಗ ಅವಳು ಗುಡಿಯ ಜಗಲಿಯ ಮುಂದೆ ನಿಂತು, ಒಂದು ಸಾರಿ ಕಟ್ಟಿಕೊಟ್ಟ ಹೆಣ್ಣು ಬದುಕಿರುವಾಗ ಅದೇ ಗಂಡಿಗೆ ಇನ್ನೊಂದು ತರುವುದು ಯಾವ ಊರಿನ ನ್ಯಾಯ ಎಂದು ಕೇಳಿದಳು. ಹೆಂಗಸರೆಲ್ಲ ಅವಳ ಕಡೆ ನಿಂತರು. ಕೊನೆಗೆ ಕಪ್ಪೆಯನ್ನು ಊರಿಗೆ ತರುವ ಬದಲು ಊರೇ ಹಳ್ಳಕ್ಕೆ ಹೋಗಿ, ಬಂಡೆಯ ಪಕ್ಕದ ಮರದ ಕೊಂಬೆಗೆ ಹಸಿರು ಬಳೆ ಕಟ್ಟಿ, ಹಾಡು ಹೇಳಿ ಬರುವುದೆಂದಾಯಿತು. ಈಗ ಪ್ರತಿ ವರ್ಷ ಆನಿಯಲ್ಲಿ ಹಾಗೆಯೇ ನಡೆಯುತ್ತದೆ. ಮಗಳ ತವರುಮನೆಯಲ್ಲಿ ಸೋಪಿನ ಪುಡಿ ಸುರಿದು ಬಟ್ಟೆ ಒಗೆಯಬಾರದೆಂದು ಅವಳು ಹೇಳಿದ ಮೇಲೆ ಮೇಲಿನ ಮಡುವಿನಲ್ಲಿ ಒಗೆಯುವುದೂ ನಿಂತಿದೆ. ಎಲ್ಲರೂ ಪಾಲಿಸುತ್ತಾರೆ ಎಂದಲ್ಲ. ಸೊಣ್ಣಮ್ಮನ ಕಣ್ಣಿಗೆ ಬಿದ್ದವರು ಪಾಲಿಸುತ್ತಾರೆ.

ಕಾರ್ತಿಕಾಳ ಓದು ಮುಗಿದು ಸೇಲಂನಲ್ಲೇ ಪಾಠ ಹೇಳುವ ಕೆಲಸ ಸಿಕ್ಕಿದೆ. ಹಳ್ಳದ ದಾರಿಯಲ್ಲಿ ಆ ನೆಲಗಪ್ಪೆಯ ಚಿತ್ರವಿರುವ ಒಂದು ಬೋರ್ಡು ನಿಂತಿದೆ, ತಮಿಳಿನಲ್ಲೂ ಇಂಗ್ಲಿಷಿನಲ್ಲೂ. ಅದನ್ನು ಓದಲು ಸೊಣ್ಣಮ್ಮನಿಗೆ ಬರುವುದಿಲ್ಲ. ಚಿತ್ರದಲ್ಲಿ ಬಣ್ಣ ಸರಿ ಬಂದಿಲ್ಲ ಎಂಬುದು ಅವಳ ದೂರು. ರಜೆ ಸಿಕ್ಕಾಗಲೆಲ್ಲ ಕಾರ್ತಿಕಾ ಬರುತ್ತಾಳೆ, ಮುಂದಿನ ಕೋಣೆಯಲ್ಲೇ ಮಲಗುತ್ತಾಳೆ. ಕಳೆದ ಬಾರಿ ಬಂದಾಗ ಸೊಣ್ಣಮ್ಮನಿಗೆ ಅವಳ ಬೂಟಿನಂಥದೇ ಒಂದು ಜೊತೆ ತಂದುಕೊಟ್ಟಳು. ಸೊಣ್ಣಮ್ಮ ಅದನ್ನು ಸೀರೆಯ ಕೆಳಗೆ ಹಾಕಿಕೊಂಡು ನಲ್ಲಿಯವರೆಗೂ ನಡೆದು ತೋರಿಸಿ ಬಂದಳು.

ಈ ಸಲದ ಆನಿಯಲ್ಲಿ ರಾಮಕ್ಕ ಮಂಡಿ ನೋವಿಗೆ ಹೆದರದೆ ಹಳ್ಳದ ಮೇಲಿನವರೆಗೂ ಹತ್ತಿದಳು. ಸೊಣ್ಣಮ್ಮ ಕೈ ಕೊಟ್ಟು ಎಳೆದುಕೊಂಡು ಹೋದಳು. ಬಳೆ ಕಟ್ಟಿ ಮುಗಿಸಿ ಎಲ್ಲರೂ ನೀರು ಕುಡಿಯುತ್ತಿದ್ದಾಗ ಬಂಡೆಯ ಮೇಲೆ ಕೆಂಪು ಚುಕ್ಕಿಯದೊಂದು ಬಂದು ಕೂತಿತು.

“ಲೇ ಸೊಣ್ಣೀ, ನನ್ ಸೊಸೇನಾ ಅದು?” ರಾಮಕ್ಕ ಕಣ್ಣು ಕಿರಿದು ಮಾಡಿದಳು.

ಸೊಣ್ಣಮ್ಮ ಬಗ್ಗಿ ನೋಡಿದಳು. ಅದರ ಗಂಟಲು ಉಬ್ಬುತ್ತಿತ್ತು.

“ಅಲ್ಲ ಕಣಕ್ಕ, ಅವಳ ತಮ್ಮ.”

“ಅದ್ಕೇ ಮತ್ತೆ. ನೋಡು, ಬೀಗರು ಬಂದವ್ರೆ ಅಂತ ಮಾತಾಡ್ಸೋ ಬುದ್ದಿ ಇಲ್ಲ” ಎಂದು ರಾಮಕ್ಕ ಮುನಿಸಿಕೊಂಡು, ಬಂಡೆಯ ನೆರಳಿನಲ್ಲಿ ಕಾಲು ಚಾಚಿ ಕೂತಳು. ಸೊಣ್ಣಮ್ಮ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಸವರಿ ಅವಳ ಕೈಗೆ ಕೊಟ್ಟಳು.